ಹೊಡಿಯಲ್ಲ, ಆದ್ರೆ ತಂಗೀನ ಒಂದ್ ಹೆಜ್ಜೆ ಆಚೆ ಇಡೋಕೆ ಬಿಡಲ್ಲ. ಇದೂ ದೌರ್ಜನ್ಯನಾ? ಯಾರ ಹತ್ರ ಹೋಗ್ಬೇಕು?

ತಿಪಟೂರಕ್ಕ:

ಎಲ್ರಿಗೂ ನಮಸ್ಕಾರ. ನನ್ ತಂಗಿ ವಿಷ್ಯ ಕೇಳ್ಬೇಕಿತ್ತು. ಮನೇಲಿ ಯಾರ ಹತ್ರ ಬಾಯಿ ಬಿಟ್ರೂ "ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ" ಅಂತ ಅಲ್ಲಿಗೇ ಮುಗಿಸಿಬಿಡ್ತಾರೆ, ಅದಕ್ಕೇ ಇಲ್ಲಿ ಬರೀತಿದೀನಿ. ಊರ ಹೆಸ್ರು ಬೇಡ, ಹಾಸನ ಜಿಲ್ಲೆ ಅಂತ ಇಟ್ಕೊಳಿ. ಮದ್ವೆ ಆಗಿ ನಾಕೈದು ವರ್ಷ, ಮೂರು ವರ್ಷದ ಹೆಣ್ಮಗು ಇದೆ. ಹುಡುಗ ಓದಿದಾನೆ, ಕೆಲ್ಸ ಇದೆ, ಕುಡಿಯಲ್ಲ, ಬೀಡಿ ಸಿಗರೇಟಿಲ್ಲ, ನೆಂಟ್ರು ಮುಂದೆ ಬಾಯ್ತುಂಬಾ ಅಕ್ಕ ಭಾವ ಅಂತ ಮಾತಾಡ್ತಾನೆ. ಅದೇ ನಮಗೆ ಕಷ್ಟ ಆಗಿರೋದು. ಕುಡಿದು ಬಂದು ಬೀದಿಲಿ ಹೊಡಿಯೋನಾದ್ರೆ ಕೇಳೋಕೆ ನಾಕು ಜನ ಬರ್ತಾರೆ, ಇವನ ಬಗ್ಗೆ ಹೇಳಿದ್ರೆ ನಮ್ಮ ಅಪ್ಪನೇ ನಂಬಲ್ಲ.

ನಡೀತಿರೋದು ಏನು ಅಂದ್ರೆ, ಅವ್ಳು ಮದ್ವೆಗೆ ಮುಂಚೆ ಪ್ರೈವೇಟ್ ಸ್ಕೂಲಲ್ಲಿ ಟೀಚರ್ ಆಗಿದ್ಲು, ಅದನ್ನ ಬಿಡಿಸ್ದ. ಮಗು ಆದ್ಮೇಲೆ ಹೋಗುವಂತೆ ಅಂದ, ಮಗು ಆದ್ಮೇಲೆ ಮಗೂನ ಯಾರು ನೋಡ್ಕೋತಾರೆ ಅಂದ. ಗೃಹಲಕ್ಷ್ಮಿ ದುಡ್ಡು ಬರೋದು ಅವ್ಳ ಅಕೌಂಟಿಗೇ, ಆದ್ರೆ ಎಟಿಎಂ ಕಾರ್ಡ್ ಇರೋದು ಅವನ ಪರ್ಸಲ್ಲಿ, ಬ್ಯಾಂಕ್ ಮೆಸೇಜ್ ಹೋಗೋದೂ ಅವನ ನಂಬರಿಗೆ. ತರಕಾರಿಗೆ ಇನ್ನೂರು ಕೊಟ್ರೆ ಸಂಜೆ ಚೀಟಿ ಬರೆದು ತೋರಿಸ್ಬೇಕು. ಒಂದ್ಸಲ ಕೊತ್ತಂಬರಿ ಸೊಪ್ಪು ಹದಿನೈದು ಅಂತ ಬರೆದಿದ್ಲಂತೆ, ಮೊನ್ನೆ ಹತ್ತಿತ್ತಲ್ಲ ಅಂತ ಅಂಗಡಿಯವನಿಗೇ ಫೋನ್ ಮಾಡಿ ಕೇಳಿದಾನೆ, ಇವ್ಳು ಅಲ್ಲೇ ನಿಂತಿದಾಳೆ. ಮಧ್ಯಾಹ್ನ ಆಫೀಸಿಂದ ವಿಡಿಯೋ ಕಾಲ್, ಎಲ್ಲಿದ್ದೀಯ ತೋರ್ಸು, ಯಾರಿದಾರೆ ತೋರ್ಸು. ಎತ್ತೋದು ಸ್ವಲ್ಪ ತಡ ಆದ್ರೆ ಮುಗೀತು, ನಾಕು ದಿನ ಮಾತಿಲ್ಲ, ಅವ್ಳು ಮಾಡಿದ ಅಡಿಗೆನ ಮಗು ಮುಂದೇನೇ ಸಿಂಕಿಗೆ ಸುರೀತಾನೆ. ನಾವು ಫೋನ್ ಮಾಡಿದ್ರೆ ಸ್ಪೀಕರ್ ಹಾಕೇ ಮಾತಾಡ್ಬೇಕು. "ಚೆನ್ನಾಗಿದೀನಿ ಅಕ್ಕ" ಅನ್ನೋ ಧಾಟಿಲೇ ಅವ್ನು ಪಕ್ಕದಲ್ಲಿದಾನೆ ಅಂತ ಗೊತ್ತಾಗುತ್ತೆ ನನಗೆ.

ಗೌರಿ ಹಬ್ಬಕ್ಕೆ ಕಳಿಸ್ಲಿಲ್ಲ, ಬಾಗಿನ ಕೊಡೋ ನೆಪದಲ್ಲಿ ನಾನೇ ಹೋದೆ. ಅವ್ನು ಹಾಲಲ್ಲಿ ಟಿವಿ ನೋಡ್ತಿದ್ದ. ಅಡಿಗೆಮನೇಲಿ ಇವ್ಳು ನಲ್ಲಿ ಜೋರಾಗಿ ಬಿಟ್ಟು ಆ ಸದ್ದಲ್ಲಿ ನನ್ ಕಿವಿ ಹತ್ರ ಬಂದು "ಅಕ್ಕ, ನಾನೇ ಸರಿಯಿಲ್ವೇನೋ ಅನ್ಸುತ್ತೆ" ಅಂದ್ಲು. ಅವತ್ತಿಂದ ನನಗೆ ನಿದ್ದೆ ಇಲ್ಲ. ಹೊರಟು ಬಾ ಅಂದ್ರೆ, ಹೋಗೋದಾದ್ರೆ ಮಗು ಬಿಟ್ಟು ಹೋಗು ಅಂತಾನಂತೆ.

ಹೊಡೆದಿಲ್ಲ ಅಂದ್ರೂ ಇದು ದೌರ್ಜನ್ಯ ಅಂತ ಆಗುತ್ತಾ? ಪೊಲೀಸ್ ಅಂದ್ರೆ ಅವ್ಳು ನಡುಗ್ತಾಳೆ, ಸ್ಟೇಷನ್ ಮೆಟ್ಟಿಲು ಹತ್ತದೆ ಬೇರೆ ದಾರಿ ಇದ್ಯಾ? ಅವ್ಳ ಪರವಾಗಿ ನಾನು ಹೋಗಿ ಮಾತಾಡ್ಬಹುದಾ? ತಿಳಿದೋರು ದಯವಿಟ್ಟು ಹೇಳಿ.

ತೋಟದಮನೆ:

ಅಮ್ಮ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದ್ರೆ ಕಾನೂನು ಕೋರ್ಟು ಅಂತ ಹೋದ್ರೆ ಸಂಬಂಧ ಅಲ್ಲಿಗೆ ಮುರಿದ ಹಾಗೇನೇ. ಹುಡುಗನಿಗೆ ಕೆಟ್ಟ ಚಟ ಇಲ್ಲ ಅಂತೀರಿ. ಎರಡೂ ಕಡೆ ಹಿರಿಯರನ್ನ ಕೂರಿಸಿ, ಮದ್ವೆ ಮಾತಾಡಿದೋರನ್ನೂ ಕರೆಸಿ, ಒಂದು ರಾಜಿ ಪಂಚಾಯ್ತಿ ಮಾಡಿ ಬುದ್ಧಿ ಹೇಳಿಸಿ. ನಮ್ಮ ಕಡೆ ಎಷ್ಟೋ ಸಂಸಾರ ಹಾಗೇ ಸರಿಹೋಗಿದಾವೆ.

ಸಾಂತ್ವನದಲ್ಲಿದ್ದೋಳು:

ನಾನು ತುಂಬಾ ವರ್ಷ ಒಂದು ಸಾಂತ್ವನ ಕೇಂದ್ರದಲ್ಲಿ, ಅಂದ್ರೆ ನೊಂದ ಹೆಣ್ಮಕ್ಳಿಗೆ ನೆರವು ಕೊಡೋ ಕೇಂದ್ರದಲ್ಲಿ, ಆಪ್ತ ಸಮಾಲೋಚಕಿ ಆಗಿದ್ದೆ, ಅದ್ರಿಂದ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದ್ಲು ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೌದು, ಇದು ದೌರ್ಜನ್ಯ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ ಅಂತ 2005ರಲ್ಲಿ ಆಯ್ತು, 2006ರ ಅಕ್ಟೋಬರ್ 26ರಿಂದ ಜಾರಿಲಿದೆ. ಅದ್ರಲ್ಲಿ ಹೊಡೆತ ಒಂದೇ ಅಲ್ಲ, ಲೈಂಗಿಕ ಹಿಂಸೆ, ಮಾತಿನ ಮತ್ತು ಮಾನಸಿಕ ಹಿಂಸೆ, ಆರ್ಥಿಕ ಹಿಂಸೆ ಎಲ್ಲಾ ಬರುತ್ತೆ. ಅವ್ಳ ಅಕೌಂಟಿನ ದುಡ್ಡು ಅವ್ಳ ಕೈಗೆ ಸಿಗದ ಹಾಗೆ ಮಾಡಿರೋದು, ಕೆಲ್ಸ ಬಿಡಿಸಿರೋದು, ಮಗು ತೋರಿಸಿ ಹೆದರಿಸೋದು, ತವರಿನವರ ಹತ್ರ ಮಾತಾಡದ ಹಾಗೆ ಕಾವಲು ಕೂರೋದು, ನೀವು ಬರೆದಿರೋದು ಅಷ್ಟೂ ನಾವು ಕೇಂದ್ರದಲ್ಲಿ ಕೇಳ್ತಿದ್ದ ಕಥೆಗಳೇ. ನನಗೆ ಎಲ್ಲಕ್ಕಿಂತ ಹೆಚ್ಚು ಕಾಣೋದು ಆ ತರಕಾರಿ ಚೀಟಿ. ಬಡತನಕ್ಕೆ ಲೆಕ್ಕ ಇಡೋ ಮನೆ ಬೇರೆ ಇರುತ್ತೆ, ಅಲ್ಲಿ ಇಬ್ರೂ ಕೂತು ಲೆಕ್ಕ ನೋಡ್ತಾರೆ. ಇಲ್ಲಿ ಒಬ್ಬ ಲೆಕ್ಕ ಕೇಳ್ತಾನೆ, ಇನ್ನೊಬ್ಳು ಹೆದರ್ಕೊಂಡು ಒಪ್ಪಿಸ್ತಾಳೆ. ಮನೇಲಿ ಹೆಣ್ಮಗಳು ಏನೇ ಮಾಡೋಕೆ ಮುಂಚೆ "ಅವ್ರು ಏನಂತಾರೋ" ಅಂತ ಎದೆ ಹೊಡ್ಕೊಳೋ ಹಾಗಾಗಿದ್ರೆ ಹೊಡೆತ ಬಿದ್ದಿದ್ಯೋ ಇಲ್ವೋ ಅಂತ ಕಾಯ್ಬೇಕಾಗಿಲ್ಲ.

ನಾನೇ ಸರಿಯಿಲ್ವೇನೋ ಅಂದ್ಲಲ್ಲ, ಅದು ಅವ್ಳ ಸ್ವಭಾವ ಅಲ್ಲ, ವರ್ಷಗಟ್ಟಲೆ ಹಾಗೆ ಅನ್ನಿಸಿ ಅನ್ನಿಸಿ ಕೂರಿಸಿರೋದು. ನೀವು ಅವ್ಳಿಗೆ ಹೇಳ್ಬೇಕಾದ ಮೊದಲ್ನೇ ಮಾತು "ನಿನ್ನ ತಪ್ಪಿಲ್ಲ, ನೀನು ಹೇಳೋದನ್ನ ನಾನು ನಂಬ್ತೀನಿ" ಅಂತ ಅಷ್ಟೇ. ಬಿಟ್ಟು ಬಾ ಬಿಟ್ಟು ಬಾ ಅಂತ ಒತ್ತಾಯ ಮಾಡ್ಬೇಡಿ, ಆಗ ಅವ್ಳಿಗೆ ಅಲ್ಲಿ ಅವನ ಮಾತು ಕೇಳ್ಬೇಕು ಇಲ್ಲಿ ನಿಮ್ಮ ಮಾತು ಕೇಳ್ಬೇಕು ಅಂತ ಆಗಿಬಿಡುತ್ತೆ, ನಿಮ್ಮ ಹತ್ರಾನೂ ಹೇಳೋದು ನಿಲ್ಲಿಸ್ತಾಳೆ.

ಇನ್ನು ಯಾರ ಹತ್ರ ಹೋಗೋದು. ಸ್ಟೇಷನ್‌ಗೇ ಹೋಗ್ಬೇಕು ಅಂತಿಲ್ಲ. ಈ ಕಾಯ್ದೆ ಕೆಳಗೆ ಸಂರಕ್ಷಣಾಧಿಕಾರಿ ಅಂತ ಒಬ್ರು ಇರ್ತಾರೆ, ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಆ ಜವಾಬ್ದಾರಿ ಸಿಡಿಪಿಓದು, ಅಂದ್ರೆ ಅಂಗನವಾಡಿಗಳನ್ನ ನೋಡ್ಕೊಳೋ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅವ್ರು ಡಿಐಆರ್ ಅಂತ ಒಂದು ವರದಿ ಬರೀತಾರೆ, ಏನಾಯ್ತು ಯಾವಾಗಿಂದ ಆಗ್ತಿದೆ ಎಲ್ಲಾ ಅದ್ರಲ್ಲಿ ಇರುತ್ತೆ, ಮುಂದೆ ಕೋರ್ಟಿಗೆ ಹೋದ್ರೆ ಅದು ಬುನಾದಿ. ನೀವು ಹೋಗ್ಬಹುದಾ ಅಂತ ಕೇಳಿದ್ರಿ. ಖಂಡಿತ ಹೋಗ್ಬಹುದು, ಹಿಂಸೆ ನಡೀತಿದೆ ಅಂತ ತಿಳಿದ ಯಾರು ಬೇಕಾದ್ರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಸದುದ್ದೇಶದಿಂದ ಹೇಳಿದೋರ ಮೇಲೆ ಕೇಸ್ ಹಾಕೋಕಾಗಲ್ಲ ಅಂತ ಕಾಯ್ದೆ 4ನೇ ಸೆಕ್ಷನ್‌ನಲ್ಲೇ ಇದೆ. ಆದ್ರೆ ತಂಗಿ ಒಪ್ಪಿಗೆ ಇಲ್ದೆ ಹೋಗ್ಬೇಡಿ, ನಾಳೆ ಅಧಿಕಾರಿ ಮನೆ ಬಾಗ್ಲಿಗೆ ಬಂದು ನಿಂತ್ರೆ ಒಳಗಿರೋಳು ಅವ್ಳು.

ಮಗುಗೆ ಮೂರು ವರ್ಷ ಅಂದ್ರಲ್ಲ, ಅಂಗನವಾಡಿಗೆ ಹೋಗೋ ವಯಸ್ಸು. ಮಗು ತೂಕ ನೋಡ್ಸೋಕೆ, ಲಸಿಕೆ ಕೇಳೋಕೆ ಅಂತ ಹೋದ್ರೆ ಎಂಥಾ ಗಂಡನೂ ಬೇಡ ಅನ್ನಲ್ಲ. ಅಲ್ಲಿಗೆ ಮೇಲ್ವಿಚಾರಕಿ ಬರೋ ದಿನ ಯಾವುದು ಅಂತ ಕೇಳಿ ಇಟ್ಕೊಂಡು ಆ ದಿನ ಮಾತಾಡ್ಲಿ, ಅವ್ರ ಮೂಲಕ ವಿಷ್ಯ ಸಿಡಿಪಿಓ ತನಕ ಹೋಗುತ್ತೆ. ಅಂಗನವಾಡಿ ಟೀಚರ್ ಹತ್ರಾನೇ ಎಲ್ಲಾ ಬಿಡಿಸಿ ಹೇಳೋಕೆ ಹೋಗ್ಬೇಡಿ, ಅವ್ರು ಕೆಟ್ಟೋರು ಅಂತ ಅಲ್ಲ, ಅದೇ ಬೀದಿಯವರು, ಮಾತು ಒಂದು ಬಾಯಿಂದ ಇನ್ನೊಂದಕ್ಕೆ ಹೋಗೋಕೆ ಎಷ್ಟು ಹೊತ್ತು. ಹಾಗೇ 181 ಮಹಿಳಾ ಸಹಾಯವಾಣಿ, ಹಗಲು ರಾತ್ರಿ ಇರುತ್ತೆ. ಜಿಲ್ಲೆಗೊಂದು ಸಖಿ ಕೇಂದ್ರ ಇದೆ, ಹೆಚ್ಚಾಗಿ ಜಿಲ್ಲಾಸ್ಪತ್ರೆ ಆವರಣದಲ್ಲೋ ಅದರ ಹತ್ರಾನೋ ಇರುತ್ತೆ, ಅಲ್ಲಿ ಚಿಕಿತ್ಸೆ, ಸಮಾಲೋಚನೆ, ಕಾನೂನು ಸಲಹೆ ಒಂದೇ ಕಡೆ, ಮಗು ಜೊತೆ ನಾಕೈದು ದಿನ ಉಳ್ಕೊಳೋಕೂ ಜಾಗ ಕೊಡ್ತಾರೆ.

ತೋಟದಮನೆಯವ್ರೆ, ನೀವು ಒಳ್ಳೇ ಮನಸ್ಸಿಂದಲೇ ಹೇಳಿದೀರಿ. ಆದ್ರೆ ರಾಜಿ ಪಂಚಾಯ್ತಿ ಎಷ್ಟು ನೋಡಿದೀನಿ ಅಂದ್ರೆ, ಗಂಡನ ಎದ್ರು ಹತ್ತು ಜನ ಗಂಡಸ್ರ ಮಧ್ಯೆ ಹುಡುಗಿ ತಲೆ ಬಗ್ಗಿಸ್ಕೊಂಡು ನಿಂತಿರ್ತಾಳೆ, "ಏನಮ್ಮ ಹೇಳು" ಅಂದ್ರೆ ಏನು ಹೇಳ್ತಾಳೆ? ಕೊನೇಲಿ ಇಬ್ರೂ ಹೊಂದ್ಕೊಂಡು ಹೋಗಿ ಅಂತಾರೆ, ಎಲ್ರೂ ಊಟ ಮಾಡ್ಕೊಂಡು ಹೊರಡ್ತಾರೆ, ಆಮೇಲೆ ರಾತ್ರಿ ಮನೇಲಿ ಉಳ್ಕೊಳೋದು ಅವ್ಳೊಬ್ಳೇ, ಊರ ಮುಂದೆ ಮಾನ ಕಳೆದೆ ಅನ್ನೋ ಸಿಟ್ಟು ಹೊತ್ತಿರೋನ ಜೊತೆ. ಇಬ್ರೂ ಸಮ ಇರೋ ಜಗಳಕ್ಕೆ ರಾಜಿ ಸರಿ. ಒಬ್ರು ಇನ್ನೊಬ್ರಿಗೆ ಹೆದರೋ ಕಡೆ ಅದು ಅಪಾಯ.

ಇದು ನಮ್ಮ ಮನೆ ಮಾತ್ರ ಅಂತ ನಾಚ್ಕೋಬೇಡಿ ಅಂತ ಒಂದ್ ಅಂಕಿ ಹೇಳ್ತೀನಿ. 2019-20ರಲ್ಲಿ ನಮ್ಮ ರಾಜ್ಯದಲ್ಲಿ ಮಾಡಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸ್ರಲ್ಲಿ ಶೇಕಡಾ 44.4 ಜನ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಆಗಿದೆ ಅಂದಿದಾರೆ. ಅದರ ಹಿಂದಿನ ಸಮೀಕ್ಷೇಲಿ 20.6 ಇತ್ತು. ನಿಮ್ಮ ತಂಗಿ ಥರ ಬರೀ ಕಾವಲಲ್ಲಿ ಬದುಕೋರು ಈ ಲೆಕ್ಕದಲ್ಲಿ ಸೇರೇ ಇಲ್ಲ.

ಹುಬ್ಬಳ್ಳಿ ಅವ್ವ:

ಅಕ್ಕಾರ, ನಿಮ್ಮ ತಂಗಿ ನಲ್ಲಿ ಬಿಟ್ಟು ಮಾತಾಡಿದ್ದು ಓದಿ ಕಣ್ಣಾಗ ನೀರ ಬಂದ್ವು. ನಾನೂ ಭಾಳ ವರ್ಷ ಹಂಗ ಬಾಳೇವು ಮಾಡೀನ್ರಿ. ನಮ್ಮ ಮನ್ಯಾಗ ಹೊಡತಾನೂ ಇತ್ತು, ಆದ್ರ ಖರೇ ಹೇಳ್ತೇನಿ, ಹೊಡದಿದ್ದು ವಾರದಾಗ ಮಾಯ್ತಿತ್ತು, "ನಿನಗ ತೆಲಿ ಇಲ್ಲ, ನಿನ್ನ ಯಾರ್ ಇಟ್ಕೋತಾರ" ಅಂತ ದಿನಾ ಅಂದದ್ದು ಮಾಯಲಿಲ್ಲ. ತವರಮನಿಗೆ ಹೇಳಿದ್ರ ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂದ್ರು. ನೀವು ಹಂಗ ಅನ್ನವಲ್ರಿ, ತಂಗಿ ಹಿಂದ ನಿಂತೀರಿ, ಅದ ದೊಡ್ಡದು.

ನನಗ ಕೈ ಹಿಡದಾಕಿ ಮಗ್ಗಲಮನಿ ಕಾಕು. ಆಕಿ ಒಂದಿನಾನೂ ಯಾಕ ಸಹಿಸ್ಕೋತಿ ಅಂತ ಕೇಳಲಿಲ್ಲ. "ರಾತ್ರಿ ಎಷ್ಟೊತ್ತಾಗ್ಲಿ, ಹಿತ್ತಲ ಬಾಗಲಾ ಬಡಿ, ನಾ ತಗೀತೇನಿ" ಅಂದಿದ್ಲು. ಆಕಿ ಮನ್ಯಾಗ ಜೋಳದ ಡಬ್ಬಿ ಹಿಂದ ನನ್ನ ಒಂದು ಕೈಚೀಲ ಇರ್ತಿತ್ತು. ಆಧಾರ, ರೇಷನ್ ಕಾರ್ಡಿನ ಝೆರಾಕ್ಸ, ಮಕ್ಕಳ ಜನ್ಮದ ಸರ್ಟಿಫಿಕೇಟ, ಪಾಸಬುಕ್ಕಿನ ಮೊದಲ ಹಾಳಿ, ಮಕ್ಕಳಿಗೆ ಒಂದೊಂದ ಜೋಡಿ ಅರಬಿ, ಆಮ್ಯಾಲ ಸಂಘದಾಗ ವಾರಾ ವಾರಾ ಉಳಿಸಿದ್ದ ರೊಕ್ಕ. ಮನ್ಯಾಗ ಇಟ್ರ ಅಂವಗ ಸಿಗ್ತಿತ್ತು, ಅದಕ್ಕ ಆಕಿ ಕಡೆ. ನಿಮ್ಮ ತಂಗಿ ಮನಿ ಹತ್ರ ಅಂಥಾಕಿ ಒಬ್ಬಾಕಿ ಇದ್ದಾಳೇನ ನೋಡ್ರಿ. ನೀವು ಬ್ಯಾರೆ ಊರಾಗ ಇರೋರು, ನಡುರಾತ್ರಿ ಬೇಕಾಗೋದು ಮಗ್ಗಲದಾಕಿ.

ಇನ್ನೊಂದ ಮಾತು, ಇದನ್ನ ಭಾಳ ಮಂದಿ ಹೇಳೂದಿಲ್ಲ. ಬಿಟ್ಟು ಹೊಂಟ ನಿಂತ ಹೊತ್ತನ್ಯಾಗ ಅಪಾಯ ಹೆಚ್ಚು. ಇಷ್ಟ ದಿವಸ ಸುಮ್ನಿದ್ದಾಂವ ಆಕಿ ಕೈ ಬಿಟ್ಟು ಹೊಂಟಾಳ ಅಂತ ಗೊತ್ತಾದ್ ಕೂಡ್ಲೇ ಏನು ಮಾಡ್ತಾನ ಹೇಳಾಕ ಬರೂದಿಲ್ಲ. ಅದಕ್ಕ ಜಗಳದಾಗ ಸಿಟ್ಟಿಗೆದ್ದು "ನಾ ಹೊಕ್ಕೇನಿ" ಅಂತ ಮುಂಚೇನ ಹೇಳಬ್ಯಾಡ ಅನ್ರಿ. ಅಂವ ಕೆಲಸಕ್ಕ ಹೋದ ಹೊತ್ತು ನೋಡ್ಕೊಂಡು, ಮಗೂನ ಸಂಗಾಟ ಕರ್ಕೊಂಡು ಹೊರಡ್ಲಿ. ಬಸ್ಸಿಗೆ ರೊಕ್ಕ ಬೇಕಿಲ್ಲ, 2023ರ ಜೂನ್‌ದಿಂದ ಸರ್ಕಾರಿ ಆರ್ಡಿನರಿ ಬಸ್ ಹೆಣ್ಮಕ್ಕಳಿಗೆ ಫ್ರೀ ಐತಿ. ಆದ್ರ ಕಾರ್ಡ್ ತೋರಸ್ಬೇಕಲ್ರಿ, ಅದಕ್ಕ ಅಂವ ಆಧಾರ್ ಬಚ್ಚಿಟ್ಟಾನೇನ ಮೊದಲ ಕೇಳ್ರಿ. ನಮ್ಮಾಂವ ಬಚ್ಚಿಟ್ಟಿದ್ದ.

ತಿಪಟೂರಕ್ಕ:

ಎಲ್ರಿಗೂ ಕೈ ಮುಗೀತೀನಿ. ಹುಬ್ಬಳ್ಳಿ ಅವ್ವ, ನಿಮ್ಮ ಮಾತು ಓದಿ ತಂಗಿಗೆ ಆಧಾರ್ ಎಲ್ಲಿದೆ ಅಂತ ಕೇಳಿದೆ, ಅವನ ಬೀರುಲಿದೆ ಅಂದ್ಲು.

ಅವ್ನು ಸ್ನಾನಕ್ಕೆ ಹೋದಾಗ ಪಕ್ಕದ್ಮನೆ ಆಂಟಿ ಫೋನಿಂದ ಮಾತಾಡಿದ್ಲು. ನಾನು ಬೇರೇನೂ ಕೇಳ್ಲಿಲ್ಲ, ನಿನ್ನ ತಪ್ಪಿಲ್ಲ ನಾನು ನಂಬ್ತೀನಿ ಅಂದೆ ಅಷ್ಟೆ. ಸ್ವಲ್ಪ ಹೊತ್ತು ಅತ್ಳು, ಆಮೇಲೆ ಇಷ್ಟು ದಿನ ಹೇಳದೇ ಇದ್ದಿದ್ದು ಹೇಳಿದ್ಲು. ಹೋದ ತಿಂಗಳು ಒಂದ್ಸಲ ಗೋಡೆಗೆ ಒತ್ತಿ ಕುತ್ತಿಗೆ ಅಮುಕಿದಾನೆ, ಕಣ್ಣು ಕತ್ತಲೆ ಬಂತಂತೆ. ಆಮೇಲೆ ತಾನೇ ಅತ್ತು ಕಾಲು ಹಿಡ್ಕೊಂಡನಂತೆ, ಸೀರೆ ತಂದ್ಕೊಟ್ಟನಂತೆ. "ಅದು ಹೊಡೆತ ಅಲ್ವಲ್ಲ ಅಕ್ಕ, ಗುರುತೂ ಆಗ್ಲಿಲ್ಲ" ಅಂತಾಳೆ. ಎರಡು ದಿನ ಗಂಟಲು ಕಟ್ಟಿತ್ತು, ಶೀತ ಅಂತ ಎಲ್ರಿಗೂ ಹೇಳಿದಾಳೆ. ನನ್ ಕೈಕಾಲು ಆಡ್ತಿಲ್ಲ.

ಈಗ ಮನೆ ಮಾವನ ಹೆಸ್ರಲ್ಲಿದೆ, ಆಚೆ ಹಾಕಿದ್ರೆ ಕೇಳೋಕೆ ನಮಗೆ ಹಕ್ಕಿದ್ಯಾ? ನಾವು ಹಾಕಿದ ಒಡವೆ ಅತ್ತೆ ಲಾಕರಲ್ಲಿದೆ. ಮಗು ವಿಷ್ಯ ಏನಾಗುತ್ತೆ? ಕೇಸ್ ಹಾಕಿದ್ರೆ ಹಾಸನಕ್ಕೆ ಓಡಾಡ್ಬೇಕಾ?

ಸ್ಟಾಫ್‌ನರ್ಸ್_ಮಂಡ್ಯ:

ಕುತ್ತಿಗೆ ಅಮುಕಿದ್ದು ಅಂದ ತಕ್ಷಣ ಬೇರೆ ಎಲ್ಲಾ ಬಿಟ್ಟು ಇದನ್ನ ಬರೀತಿದೀನಿ. ಗುರುತು ಇಲ್ಲ ಅಂದ್ರೆ ಏನೂ ಆಗಿಲ್ಲ ಅಂತ ಅಲ್ಲ ಅಕ್ಕ. ಕುತ್ತಿಗೆ ಒತ್ತಿದಾಗ ಚರ್ಮದ ಮೇಲೆ ಏನೂ ಕಾಣದೇನೇ ಒಳಗೆ ರಕ್ತನಾಳಕ್ಕೆ, ಧ್ವನಿಪೆಟ್ಟಿಗೆಗೆ ಪೆಟ್ಟಾಗಿರಬಹುದು. ಕಣ್ಣು ಕತ್ತಲೆ ಬಂದಿದ್ದು ಮೆದುಳಿಗೆ ರಕ್ತ ಹೋಗದೆ, ಗಂಟಲು ಕಟ್ಟಿದ್ದು ಶೀತಕ್ಕಲ್ಲ. ರಕ್ತನಾಳಕ್ಕೆ ಪೆಟ್ಟಾಗಿದ್ರೆ ದಿನಗಳಾದ್ಮೇಲೂ ಪಾರ್ಶ್ವವಾಯು ಹೊಡಿಯೋ ಸಾಧ್ಯತೆ ಇರುತ್ತೆ, ಅದಕ್ಕೆ ಈಗ್ಲೂ ತಲೆನೋವು, ಕುತ್ತಿಗೆ ನೋವು, ನುಂಗೋಕೆ ಕಷ್ಟ, ತಲೆ ಸುತ್ತು, ಮಾತು ತೊದಲೋದು, ಒಂದ್ ಕಡೆ ಕೈ ಜೋಮು ಏನಿದ್ರೂ ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಏನೂ ಇಲ್ಲ ಅಂದ್ರೂ ಒಂದ್ಸಲ ತೋರಿಸಿ.

ಡಾಕ್ಟರ್ ಹತ್ರ ಶೀತ, ಬಿದ್ದೆ ಅಂತ ಹೇಳ್ಬೇಡ ಅನ್ನಿ. ನಮ್ಮ ಕ್ಯಾಶುವಾಲ್ಟಿಗೆ ಬರೋರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನೋ ಹೆಣ್ಮಕ್ಳು ತುಂಬಾ, ಪಕ್ಕದಲ್ಲಿ ಗಂಡ ನಿಂತಿರ್ತಾನೆ, ಅವ್ನೇ ಎಲ್ಲಾ ಪ್ರಶ್ನೆಗೂ ಉತ್ತರ ಹೇಳ್ತಾನೆ. ಬಿಪಿ ನೋಡ್ಬೇಕು ಆಚೆ ಇರಿ ಅಂತ ನಾವು ಅವನನ್ನ ಕಳಿಸಿ ಕೇಳ್ತೀವಿ. ಗಂಡ ಕುತ್ತಿಗೆ ಒತ್ತಿದ ಅಂತ ಹೇಳಿದ್ರೆ ಡಾಕ್ಟರ್ ಎಂಎಲ್‌ಸಿ, ಅಂದ್ರೆ ಮೆಡಿಕೋ ಲೀಗಲ್ ಕೇಸ್ ಅಂತ ಬರೀತಾರೆ, ಆಸ್ಪತ್ರೆ ದಾಖಲೆಲಿ ಆ ಮಾತು ಉಳಿಯುತ್ತೆ. ಎಂಎಲ್‌ಸಿ ಅಂದ್ರೆ ಸ್ಟೇಷನ್‌ಗೆ ಮಾಹಿತಿ ಹೋಗುತ್ತೆ, ಅದನ್ನ ತಂಗಿಗೆ ಮುಂಚೇನೇ ತಿಳಿಸಿ ಕರ್ಕೊಂಡು ಹೋಗಿ, ಅಲ್ಲಿ ಗಾಬರಿ ಆಗೋದು ಬೇಡ.

ಒಂದ್ಸಲ ಕುತ್ತಿಗೆಗೆ ಕೈ ಹಾಕಿದೋನು ಮುಂದೆ ಕೊಲೆ ತನಕ ಹೋಗೋ ಅಪಾಯ ಉಳಿದೋರಿಗಿಂತ ಹಲವು ಪಟ್ಟು ಹೆಚ್ಚು. ಹೆದರಿಸೋಕೆ ಹೇಳ್ತಿಲ್ಲ. ಕಾಲು ಹಿಡಿದ, ಸೀರೆ ತಂದ ಅಂತ ಇನ್ನೊಂದು ವರ್ಷ ನೋಡೋಣ ಅಂತ ಅನ್ಕೋಬಾರ್ದು ಅಂತ ಹೇಳ್ತಿದೀನಿ. ಮತ್ತೆ ಹಾಗೇನಾದ್ರೂ ಆದ್ರೆ 112, ಪೊಲೀಸ್ ಅಂದ್ರೆ ಭಯ ಅಂತ ಆ ಹೊತ್ತಲ್ಲಿ ಯೋಚಿಸೋದು ಬೇಡ. ಪಕ್ಕದ್ಮನೆ ಆಂಟಿಗೂ ಹೇಳಿಡಿ, ಕಿರುಚಿದ್ದು ಕೇಳಿದ್ರೆ ಅವ್ರೇ ಫೋನ್ ಮಾಡ್ಲಿ.

ತಾಲ್ಲೂಕು ಕೋರ್ಟ್ ವಕೀಲೆ:

ಒಂದೊಂದಾಗಿ ಹೇಳ್ತೀನಿ ಮೇಡಂ. ಮನೆ ಯಾರ ಹೆಸ್ರಲ್ಲಿದೆ ಅನ್ನೋದು ಮುಖ್ಯ ಅಲ್ಲ. ಮದ್ವೆಯಾಗಿ ಬಂದು ಸಂಸಾರ ಮಾಡ್ತಿರೋ ಮನೇಲಿ ವಾಸ ಮಾಡೋ ಹಕ್ಕು ಅವ್ರಿಗಿದೆ, ಮೇಲೆ ಹೇಳಿದ ಕೌಟುಂಬಿಕ ಹಿಂಸೆ ಕಾಯ್ದೆ 17ನೇ ಸೆಕ್ಷನ್. ಮಾವನ ಮನೆ ಆದ್ರೆ ಸೊಸೆಗೆ ಹಕ್ಕಿಲ್ಲ ಅಂತ ಮುಂಚೆ ವಾದ ಮಾಡ್ತಿದ್ರು, 2020ರ ಅಕ್ಟೋಬರ್ 15ರಂದು ಸತೀಶ್ ಚಂದರ್ ಅಹುಜಾ ಕೇಸಲ್ಲಿ ಸುಪ್ರೀಂ ಕೋರ್ಟು ಅತ್ತೆ ಮಾವನಿಗೆ ಸೇರಿದ ಮನೆನೂ ಹಂಚಿಕೊಂಡ ಮನೆ, ಅಂದ್ರೆ ಸೊಸೆಗೆ ವಾಸದ ಹಕ್ಕಿರೋ ಮನೆ, ಆಗಬಹುದು ಅಂತ ತೀರ್ಪು ಕೊಟ್ಟಿದೆ. ಗಮನಿಸಿ, ಇದು ವಾಸದ ಹಕ್ಕು, ಆಸ್ತಿ ಹಕ್ಕಲ್ಲ. ಅಲ್ಲೇ ಇರೋಕೆ ಭಯ ಅಂದ್ರೆ ಬೇರೆ ಬಾಡಿಗೆ ಮನೆ ಮಾಡಿಕೊಡಿ ಅಂತಾನೂ ಕೇಳಬಹುದು. ಕುತ್ತಿಗೆ ವಿಷ್ಯ ಓದಿದ್ಮೇಲೆ ನಾನಂತೂ ಅದನ್ನೇ ಕೇಳ್ತೀನಿ.

ತವರಿನವರು ಹಾಕಿದ ಒಡವೆ ಸ್ತ್ರೀಧನ, ಅದು ನಿಮ್ಮ ತಂಗೀದೇ, ಅತ್ತೆ ಲಾಕರಲ್ಲಿದ್ರೂ ವಾಪಸ್ ಕೊಡ್ಸೋಕೆ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಮದ್ವೆ ಫೋಟೋ, ವಿಡಿಯೋ, ಒಡವೆ ಅಂಗಡಿ ರಸೀದಿ ನಿಮ್ಮ ಮನೇಲಿದ್ರೆ ಈಗ್ಲೇ ಹುಡುಕಿ ಇಡಿ. ಮಗು ಬಗ್ಗೆ "ಬಿಟ್ಟು ಹೋಗು" ಅನ್ನೋದು ಬರೀ ಬೆದರಿಕೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ರಾನೇ ಇರ್ಬೇಕು ಅನ್ನೋದು ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಲೇ ಇದೆ, ಇದೇ ಕೌಟುಂಬಿಕ ಹಿಂಸೆ ಕಾಯ್ದೆ ಅರ್ಜಿಲಿ ತಾತ್ಕಾಲಿಕ ಕಸ್ಟಡಿನೂ ಕೇಳಬಹುದು. ಆದ್ರೆ ಮಗು ಬಿಟ್ಟು ಬಂದು ಆಮೇಲೆ ಕೇಳೋದು ಕಷ್ಟ, ಜೊತೇಲೇ ಕರ್ಕೊಂಡು ಬರ್ಲಿ.

ಹಾಸನಕ್ಕೆ ಓಡಾಡ್ಬೇಕಾಗಿಲ್ಲ. ಆಕೆ ತಾತ್ಕಾಲಿಕವಾಗಿ ಎಲ್ಲಿ ವಾಸ ಇದಾರೋ ಅಲ್ಲಿಯ ಮ್ಯಾಜಿಸ್ಟ್ರೇಟ್ ಕೋರ್ಟಲ್ಲೂ ಅರ್ಜಿ ಹಾಕಬಹುದು, ನಿಮ್ಮನೆಗೆ ಬಂದ್ರೆ ತಿಪಟೂರಲ್ಲೇ ಆಗುತ್ತೆ. ಲಾಯರ್ ಫೀಸ್ ಚಿಂತೆ ಬೇಡ. ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತೆ, ಹೆಂಗಸ್ರಿಗೆ ಆದಾಯ ಎಷ್ಟೇ ಇರ್ಲಿ ವಕೀಲ್ರನ್ನ ಉಚಿತವಾಗಿ ಕೊಡ್ತಾರೆ, ಫೋನ್ ಆದ್ರೆ 15100.

ಈ ಅರ್ಜಿ ಹಾಕಿದ್ರೆ ಗಂಡನ್ನ ಜೈಲಿಗೆ ಹಾಕ್ತಾರೆ ಅಂತ ಎಷ್ಟೋ ಹೆಣ್ಮಕ್ಳು ಹಿಂಜರೀತಾರೆ, ತೋಟದಮನೆಯವ್ರು ಹೇಳಿದ ಭಯನೂ ಅದೇ ಅನ್ಕೋತೀನಿ. ಹಾಗಿಲ್ಲ. ಹಿಂಸೆ ಮಾಡ್ಬೇಡ, ಖರ್ಚಿಗೆ ಕೊಡು, ಮನೆಯಿಂದ ಹಾಕ್ಬೇಡ ಅಂತ ಆದೇಶ ಆಗುತ್ತೆ. ಆದೇಶ ಮೀರಿದ್ರೆ ಮಾತ್ರ ಅದು ಅಪರಾಧ, ಒಂದು ವರ್ಷದ ತನಕ ಜೈಲು, 20,000 ರೂಪಾಯಿ ತನಕ ದಂಡ. ಡೈವೋರ್ಸ್ ಕೇಳಲೇಬೇಕು ಅಂತಾನೂ ಇಲ್ಲ. ಕ್ರಿಮಿನಲ್ ಕೇಸ್ ಬೇರೆ, ಗಂಡ, ಗಂಡನ ಮನೆಯವ್ರ ಕ್ರೌರ್ಯಕ್ಕೆ ಎಲ್ರೂ 498ಎ ಅಂತಿದ್ರಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆ 85ನೇ ಸೆಕ್ಷನ್. ಅದನ್ನ ಹಾಕೋದು ಬಿಡೋದು ನಿಮ್ಮ ತಂಗಿ ತೀರ್ಮಾನ ಮಾಡ್ಲಿ.

ಕಾಲದ ವಿಷ್ಯದಲ್ಲಿ ಸುಳ್ಳು ಭರವಸೆ ಕೊಡಲ್ಲ. ಕಾಯ್ದೆ ಪ್ರಕಾರ ಅರ್ಜಿ ಹಾಕಿದ ಮೂರು ದಿನದಲ್ಲಿ ಮೊದಲ ಹಿಯರಿಂಗ್, ಅಲ್ಲಿಂದ 60 ದಿನದೊಳಗೆ ಮುಗಿಸೋ ಪ್ರಯತ್ನ ಆಗ್ಬೇಕು, ನಮ್ಮ ಕೋರ್ಟ್‌ಗಳಲ್ಲಿ ಅದು ವರ್ಷ ಎಳೆಯುತ್ತೆ. ಅದಕ್ಕೆ ಮೊದಲ ದಿನಾನೇ 23ನೇ ಸೆಕ್ಷನ್ ಕೆಳಗೆ ಮಧ್ಯಂತರ ಆದೇಶ ಕೇಳಿ, ತುರ್ತು ಅಂತ ಕಂಡ್ರೆ ಎದುರು ಪಾರ್ಟಿ ಬರೋಕೆ ಮುಂಚೇನೇ ಕೊಡೋ ಅಧಿಕಾರ ಮ್ಯಾಜಿಸ್ಟ್ರೇಟ್‌ಗಿದೆ. ಸಾಕ್ಷಿ ಅಂದ್ರೆ ನೋಡಿದ ಜನಾನೇ ಬೇಕು ಅಂತಿಲ್ಲ. ಆ ತರಕಾರಿ ಚೀಟಿಗಳನ್ನ ಎಸೀಬೇಡಿ ಅನ್ನಿ, ಬ್ಯಾಂಕ್ ಸ್ಟೇಟ್‌ಮೆಂಟ್, ಅವ್ನು ಕಳಿಸಿದ ಮೆಸೇಜು, ಆಸ್ಪತ್ರೆ ಚೀಟಿ ಎಲ್ಲಾ ಬರುತ್ತೆ. ಫೋಟೋ ತೆಗೆದ್ರೆ ಅವ್ಳ ಫೋನಲ್ಲಿ ಇಟ್ಕೊಳೋದು ಬೇಡ, ನಿಮಗೆ ಕಳಿಸಿ ಅಲ್ಲಿಂದ ಅಳಿಸ್ಲಿ.

ತೋಟದಮನೆ:

ಕುತ್ತಿಗೆ ವಿಷ್ಯ ಓದಿದ್ಮೇಲೆ ನಾನು ರಾಜಿ ಮಾತಾಡೋದಿಲ್ಲಮ್ಮ. ನಿಮ್ಮ ತಂದೆಯವ್ರಿಗೆ ಇದನ್ನ ತಿಳಿಸಿದ್ರಾ? ಅಳಿಯ ಒಳ್ಳೆಯವ್ನು ಅಂತ ನಂಬಿರೋ ಅಪ್ಪನಿಗೆ ಮಗಳು ಹೇಳಿದ್ರೆ ಒಂದು, ಅವ್ರ ವಯಸ್ಸಿನೋರು ಹೇಳಿದ್ರೆ ಇನ್ನೊಂದು. ನಿಮ್ಮ ಕಡೆ ಅವ್ರು ಗೌರವ ಕೊಡೋ ಹಿರಿಯರು ಒಬ್ರನ್ನ ಜೊತೆಗೆ ಕರ್ಕೊಂಡು ಕೂರಿ. ಹುಡುಗಿ ಬಂದಾಗ ತವರಿನ ಬಾಗ್ಲು ತೆರೆದಿರ್ಬೇಕು, ಅದು ಎಲ್ಲಕ್ಕಿಂತ ಮೊದ್ಲು ಆಗ್ಬೇಕು.

ತಿಪಟೂರಕ್ಕ:

ಆಯ್ತು ಅಣ್ಣ, ನಮ್ಮ ದೊಡ್ಡಪ್ಪನ ಹತ್ರ ಮಾತಾಡಿದೀನಿ, ಅವ್ರು ಅಪ್ಪನ ಜೊತೆ ಕೂತು ಹೇಳ್ತೀನಿ ಅಂದಿದಾರೆ. 181ಕ್ಕೆ ಫೋನ್ ಮಾಡಿದೆ, ಸಖಿ ಕೇಂದ್ರದೋರ ಜೊತೆ ಮಾತಾಡ್ಸಿದ್ರು, ತಂಗಿ ಹೆಸ್ರು ಹೇಳ್ದೇನೇ ಎಲ್ಲಾ ಕೇಳ್ಕೊಂಡ್ರು. ಅಂಗನವಾಡಿ ದಾರಿನೇ ಅವ್ಳಿಗೆ ಧೈರ್ಯ ಕೊಟ್ಟಿದ್ದು, ಮೇಲ್ವಿಚಾರಕಿ ಬರೋ ದಿನ ತಿಳ್ಕೊಂಡಿದಾಳೆ, ಆ ದಿನ ನಾನೂ ಬಸ್ಸಿಗೆ ಹೋಗಿ ಅಲ್ಲೇ ಸೇರ್ತೀನಿ, ಅಲ್ಲಿಂದ ಹಾಗೇ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಅಂತ ಮಾತಾಗಿದೆ. ಗಂಟಲು ಈಗ ಸರಿ ಇದೆ ಆದ್ರೆ ಕುತ್ತಿಗೆ ಒಂದ್ ಕಡೆ ನೋವು ಇದೆ ಅಂತಾಳೆ. ಒಂದೇ ಭಯ, ಅವ್ಳ ಫೋನಲ್ಲಿ ಅವ್ನು ಎಲ್ಲಿದಾಳೆ ಅಂತ ನೋಡ್ತಾನೆ. ಫೋನ್ ಮನೇಲೇ ಬಿಟ್ಟು ಬರ್ಲಾ ಅಂತ ಕೇಳ್ತಿದಾಳೆ.

ಸಾಂತ್ವನದಲ್ಲಿದ್ದೋಳು:

ಕುತ್ತಿಗೆ ನೋವಿದೆ ಅಂದ್ರೆ ಆ ದಿನಕ್ಕೆ ಕಾಯ್ಬೇಡಿ ಅಕ್ಕ, ಮಗುಗೆ ಜ್ವರ ಅಂತಾದ್ರೂ ಹೇಳ್ಕೊಂಡು ನಾಳೇನೇ ಆಸ್ಪತ್ರೆಗೆ ಹೋಗ್ಲಿ, ನೀವು ಅಲ್ಲೇ ಸಿಗಿ. ಮೇಲ್ವಿಚಾರಕಿನ ಆಮೇಲೂ ನೋಡಬಹುದು, ಜಿಲ್ಲಾಸ್ಪತ್ರೆಗೇ ಹೋದ್ರೆ ಸಖಿ ಕೇಂದ್ರದೋರನ್ನ ಅಲ್ಲಿಗೇ ಕರೆಸ್ಕೊಳಿ, ಈಗಾಗ್ಲೇ ಮಾತಾಡಿದೀರಲ್ಲ.

ಫೋನ್ ಬಿಟ್ಟು ಬರೋದು ಬೇಡ, ಮಧ್ಯಾಹ್ನದ ವಿಡಿಯೋ ಕಾಲ್ ಎತ್ತದಿದ್ರೆ ಅಲ್ಲೇ ಅನುಮಾನ ಬರುತ್ತೆ. ಲೊಕೇಶನ್ ದಿಢೀರಂತ ಆಫ್ ಮಾಡೋದೂ ಬೇಡ. ಆಸ್ಪತ್ರೆ, ಅಂಗನವಾಡಿ ಎರಡಕ್ಕೂ ಮಗು ನೆಪ ಇದೆ, ಅಲ್ಲಿದಾಳೆ ಅಂತ ಕಂಡ್ರೂ ಪರವಾಗಿಲ್ಲ. ನಿಮ್ಮ ಜೊತೆ ಈ ವಿಷ್ಯ ಮಾತಾಡೋಕೆ ಮಾತ್ರ ಆಂಟಿ ಫೋನ್ ಬಳಸ್ಲಿ, 181ರ ನಂಬರ್ ಅವ್ಳ ಫೋನಲ್ಲಿ ಕಾಲ್ ಲಿಸ್ಟಲ್ಲಿ ಉಳಿಯೋದು ಬೇಡ. ನಿಮ್ಮನೆಗೆ ಬಂದು ಸೇರಿದ್ಮೇಲೆ ಹೊಸ ಸಿಮ್ ಹಾಕ್ಸಿ, ಜಿಮೇಲ್ ಪಾಸ್‌ವರ್ಡ್ ಬದಲಾಯಿಸಿ, ಬ್ಯಾಂಕಿಗೆ ಹೋಗಿ ಮೊಬೈಲ್ ನಂಬರ್ ಚೇಂಜ್ ಮಾಡಿ ಹಳೇ ಎಟಿಎಂ ಕಾರ್ಡ್ ಬ್ಲಾಕ್ ಮಾಡ್ಸಿ, ಗೃಹಲಕ್ಷ್ಮಿ ದುಡ್ಡು ಅವತ್ತಿಂದ ಅವ್ಳ ಕೈಗೇ ಬರುತ್ತೆ. ಆಧಾರ್ ಅವನ ಬೀರುಲಿದ್ರೆ ಅದಕ್ಕೋಸ್ಕರ ವಾಪಸ್ ಹೋಗೋದು ಬೇಡ, ಆಧಾರ್ ಕೇಂದ್ರದಲ್ಲಿ ಬೆರಳು ಕೊಟ್ರೆ ನಂಬರ್ ತೆಗೆದು ಪ್ರಿಂಟ್ ಕೊಡ್ತಾರೆ, ಅಲ್ಲಿ ತನಕ ಬಸ್ಸಿಗೆ ಟಿಕೆಟ್ ದುಡ್ಡು ಆಂಟಿ ಹತ್ರ ಕೊಟ್ಟಿಡಿ. ನಾಳೆ ಆಸ್ಪತ್ರೇಲಿ ಏನಂದ್ರು ಅಂತ ಇಲ್ಲಿ ಬರೀರಿ, ನಾನು ನೋಡ್ತಿರ್ತೀನಿ.